ಅಮೃತಶಿಲೆಗೂ ಮುಪ್ಪುಂಟು



ಮಾರ್ಬಲ್ಲಿಗೆ ನಮ್ಮ ನುಡಿಯಲ್ಲಿ ‘ಅಮೃತಶಿಲೆ’ ಎಂಬ ಹೆಸರಿದೆ. ಸಾವಿಲ್ಲದ ಕಲ್ಲು ಎಂಬ ಭಾವ ಅದರಲ್ಲಿ ಅಡಗಿದೆ. ಆದರೆ ಬಯಲಿನಲ್ಲಿ ನಿಂತ ಅಮೃತಶಿಲೆಗೂ ಮುಪ್ಪು ಬರುತ್ತದೆ, ರೋಗ ಬರುತ್ತದೆ; ಒಮ್ಮೊಮ್ಮೆ ಚಿಕಿತ್ಸೆಯೇ ರೋಗಕ್ಕಿಂತ ಘೋರವಾಗುತ್ತದೆ. ಇದಕ್ಕೆ ಆಥೆನ್ಸ್ ನಗರದ ಆಕ್ರೊಪೊಲಿಸ್ ಗುಡ್ಡದ ಆರು ಕನ್ಯೆಯರ ಕಥೆ ಒಳ್ಳೆಯ ನಿದರ್ಶನ.

ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಎರೆಕ್ಥಿಯಾನ್ ದೇಗುಲದ ದಕ್ಷಿಣ ಮಂಟಪದಲ್ಲಿ ಕಂಬಗಳಿಗೆ ಬದಲಾಗಿ ಆರು ಸ್ತ್ರೀವಿಗ್ರಹಗಳು ಚಾವಣಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದವು. ಇವರಿಗೆ ಕ್ಯಾರಿಯಾಟಿಡ್ ಎಂದು ಹೆಸರು. 19ನೆಯ ಶತಮಾನದ ಆರಂಭದಲ್ಲಿ ಲಾರ್ಡ್ ಎಲ್ಗಿನ್ನನ ಕಡೆಯವರು ಒಬ್ಬಳನ್ನು ಕಿತ್ತು ಒಯ್ದರು. 1816ರಿಂದ ಅವಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿದ್ದಾಳೆ. ಮಕ್ಕಳೊಡನೆ ಅಲ್ಲಿಗೆ ಹೋದ ನಮ್ಮವರು ಅನೇಕರು ಅವಳನ್ನು ಕಂಡಿರಬಹುದು.

ಪ್ರಾಚೀನ ಗ್ರೀಕರು ಕಲ್ಲುಗಳನ್ನು ಬೆಸೆಯಲು ಕಬ್ಬಿಣದ ಕೊಂಡಿಗಳನ್ನಿಟ್ಟು, ಸುತ್ತಲೂ ಕರಗಿದ ಸೀಸ ಎರೆಯುತ್ತಿದ್ದರು. ಸೀಸದ ಕವಚದೊಳಗೆ ತೇವ ಸುಲಭವಾಗಿ ಇಳಿಯದು. 20ನೆಯ ಶತಮಾನದ ಮೊದಲ ದಶಕದಲ್ಲಿ ಎಂಜಿನಿಯರ್ ನಿಕೊಲಾಸ್ ಬಲಾನೋಸ್ ಈ ದೇಗುಲದ ಜೀರ್ಣೋದ್ಧಾರ ಕೈಗೊಂಡರು. ಉದ್ದೇಶ ಒಳ್ಳೆಯದೇ. ಆದರೆ ಅವರು ಬಳಸಿದ ಕಬ್ಬಿಣಕ್ಕೆ ಸೀಸದ ರಕ್ಷಣೆಯಿರಲಿಲ್ಲ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಹಲವು ಪಟ್ಟು ಹಿಗ್ಗುತ್ತದೆ. ಗೋಡೆಯೊಳಗೆ ಬೇರು ಬಿಟ್ಟ ಅರಳಿಯ ಸಸಿಯಂತೆ ಅದು ಕಲ್ಲನ್ನು ಒಳಗಿನಿಂದಲೇ ಸೀಳಿತು.

ಹೊರಗಿನಿಂದ ಮತ್ತೊಂದು ಶತ್ರು ಬಂದಿತು. ವಾಹನ, ಕಾರ್ಖಾನೆಗಳ ಹೊಗೆಯಲ್ಲಿನ ಗಂಧಕದ ಅನಿಲವು ತೇವದೊಡನೆ ಸೇರಿ ಕಲ್ಲಿನ ಮೇಲ್ಪದರವನ್ನು ಜಿಪ್ಸಮ್ಮಾಗಿ ಮಾರ್ಪಡಿಸಿತು. ಮಳೆ ಬೀಳುವೆಡೆ ಅದು ತೊಳೆದುಹೋಗಿ ಮುಖದ ರೇಖೆಗಳು ಸವೆದವು. ಮಳೆ ತಾಗದೆಡೆ ಕಪ್ಪು ಹೊರಪು ಕಟ್ಟಿತು.

1975ರಲ್ಲಿ ಗ್ರೀಸ್ ಸರ್ಕಾರ ತಜ್ಞರ ಸಮಿತಿಯೊಂದನ್ನು ರಚಿಸಿತು. 1979ರಲ್ಲಿ ಉಳಿದ ಐವರು ಕನ್ಯೆಯರನ್ನು ಮ್ಯೂಸಿಯಂಗೆ ಸಾಗಿಸಿ, ಮಂಟಪದಲ್ಲಿ ಪ್ರತಿಕೃತಿಗಳನ್ನು ನಿಲ್ಲಿಸಲಾಯಿತು. ದೇಗುಲದಿಂದ ಹಳೆಯ ಕಬ್ಬಿಣವನ್ನು ತೆಗೆದು ಟೈಟಾನಿಯಂ ಸರಳುಗಳನ್ನು ಇಟ್ಟರು. ಈ ಲೋಹ ತುಕ್ಕು ಹಿಡಿಯುವುದಿಲ್ಲ. ಬಿಸಿಲಿಗೆ ಹಿಗ್ಗುವ ಪ್ರಮಾಣವೂ ಅಮೃತಶಿಲೆಗೆ ಹತ್ತಿರ. ಭೂಕಂಪದ ಒತ್ತಡ ಮಿತಿಮೀರಿದರೆ ಕಲ್ಲಿಗಿಂತ ಮೊದಲು ಸರಳೇ ಸೋಲಬೇಕೆಂದು ಅದರ ಗಾತ್ರವನ್ನು ಲೆಕ್ಕ ಹಾಕಲಾಗಿದೆ. ಎರೆಕ್ಥಿಯಾನಿನ ಕೆಲಸ 1987ರಲ್ಲಿ ಮುಗಿಯಿತು. ಮುಂದಿನ ತಲೆಮಾರು ಉತ್ತಮ ಮಾರ್ಗ ಕಂಡುಕೊಂಡರೆ ಇಂದಿನ ದುರಸ್ತಿಯನ್ನು ಬಿಚ್ಚಲು ಸಾಧ್ಯವಿರಬೇಕು ಎಂಬುದು ಅಲ್ಲಿಯ ನಿಯಮ.

2009ರಲ್ಲಿ ತೆರೆದ ಹೊಸ ಮ್ಯೂಸಿಯಂನಲ್ಲಿ, 2011ರಿಂದ 2014ರವರೆಗೆ, ಪ್ರೇಕ್ಷಕರ ಎದುರಿನಲ್ಲೇ ಲೇಸರ್ ಕಿರಣದಿಂದ ಕಪ್ಪು ಹೊರಪನ್ನು ತೆಗೆಯಲಾಯಿತು. ಶತಮಾನಗಳು ನೀಡಿದ ಹೊಂಬಣ್ಣವನ್ನು ಹಾಗೆಯೇ ಉಳಿಸಿಕೊಂಡರು. ಆರನೆಯವಳ ಸ್ಥಳವನ್ನು ಖಾಲಿಯಾಗಿಯೇ ಇಟ್ಟಿದ್ದಾರೆ.

ಮೂಲವಿಗ್ರಹ ಒಳಗೆ, ಪ್ರತಿಕೃತಿ ಬಿಸಿಲಲ್ಲಿ. ಇದು ಸರಿಯೆ ಎಂದು ಕೇಳುವವರಿದ್ದಾರೆ. ಆಥೆನ್ಸಿನ ಗಾಳಿಯಲ್ಲೇ ಬಿಟ್ಟಿದ್ದರೆ ಮುಖವೇ ಉಳಿಯುತ್ತಿರಲಿಲ್ಲ ಎಂಬುದು ನಮ್ಮ ಉತ್ತರ. ಆದರೂ ಸ್ಥಾನ ತೊರೆದ ವಿಗ್ರಹ ಏನನ್ನೋ ಕಳೆದುಕೊಳ್ಳುತ್ತದೆ; ದೂರದೇಶದಲ್ಲಿ ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಟ್ಟೂರಿನ ಗುಡಿಯ ಜೀರ್ಣೋದ್ಧಾರಕ್ಕೆಂದು ನಾವೂ ಆಗಾಗ ಹಣ ಕಳುಹಿಸುತ್ತೇವೆ. ಹಳೆಯ ಕಲ್ಲಿಗೆ ಏನನ್ನು ಬಳಿಯುತ್ತಾರೆ, ಬಿರುಕಿಗೆ ಏನನ್ನು ತುಂಬುತ್ತಾರೆ, ನಾಳೆ ಅದನ್ನು ತೆಗೆಯಲು ಬರುವುದೆ ಎಂಬ ಮೂರು ಪ್ರಶ್ನೆಗಳನ್ನು ಹಣದೊಡನೆ ಕಳುಹಿಸೋಣ. ಬಲಾನೋಸರಿಗೂ ಭಕ್ತಿಯ ಕೊರತೆಯಿರಲಿಲ್ಲ ಎಂಬುದನ್ನು ನೆನಪಿಡೋಣ.