ಮಾಸದ ಇಂಪು: ಮೂರು ಮೆಲೋಡಿಕ್ ರಾಕ್ ಆಲ್ಬಮ್‌ಗಳ ಕಥೆ

ರಾಕ್ ಸಂಗೀತವೆಂದರೆ ಕಿವಿಗಡಚಿಕ್ಕುವ ಅಬ್ಬರ ಎಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ಆದರೆ ಅದೇ ರಾಕ್‌ನೊಳಗೆ ಮಾಧುರ್ಯಕ್ಕೆ ಮಣೆ ಹಾಕಿದ ಕವಲೊಂದಿದೆ. ಮೆಲೋಡಿಕ್ ರಾಕ್ ಎಂದು ಕರೆಯಲಾಗುವ ಈ ಪ್ರಕಾರದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಮೊರೆತ ಇದ್ದೇ ಇರುತ್ತದೆ. ಆದರೆ ಹಾಡು ಮುಗಿದ ಮೇಲೆ ಕೇಳುಗನ ನಾಲಿಗೆಯಲ್ಲಿ ಉಳಿಯುವುದು ಪಲ್ಲವಿ. ತಾರಸ್ಥಾಯಿಯಲ್ಲಿ ಹಾಡುವ ಗಾಯಕ, ಅವನೊಡನೆ ಪದರ ಪದರವಾಗಿ ಕೂಡಿಕೊಳ್ಳುವ ದನಿಗಳು, ಗುನುಗಲು ಬರುವಂಥ ಗಿಟಾರ್ ವಾದನ - ಇವು ಅದರ ಗುರುತುಗಳು. 1970ರ ದಶಕದ ನಡುವಿನಿಂದ ಸುಮಾರು ಹದಿನೈದು ವರ್ಷ ಅಮೆರಿಕದ ಎಫ್‌ಎಂ ಬಾನುಲಿಯಲ್ಲಿ ಇದರದು ದೊಡ್ಡ ಪಾಲು.

ಅಂದಿನ ವಿಮರ್ಶಕರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. 'ಕಾರ್ಪೊರೇಟ್ ರಾಕ್' ಎಂಬ ಹೆಸರಿಟ್ಟು ಮೂಗು ಮುರಿದರು. ಕಂಪನಿಗಳು ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ ಸರಕು, ಜೀವವಿಲ್ಲದ ನಯಗಾರಿಕೆ ಎಂಬುದು ಅವರ ಆಕ್ಷೇಪ. ಅದೇ ಹೊತ್ತಿಗೆ ಪಂಕ್ ಸಂಗೀತ ಒರಟುತನವನ್ನೇ ಪ್ರಾಮಾಣಿಕತೆಯ ಲಕ್ಷಣವೆಂದು ಸಾರುತ್ತಿದ್ದುದರಿಂದ ಈ ಆಕ್ಷೇಪಕ್ಕೆ ಬಲವೂ ಬಂತು. ಆದರೆ ಈ ಪ್ರಕಾರದ ಅತ್ಯುತ್ತಮ ಆಲ್ಬಮ್‌ಗಳು ಹುಟ್ಟಿದ ಬಗೆಯನ್ನು ಗಮನಿಸಿದರೆ ಕಾರ್ಖಾನೆಯ ಮಾತು ನಿಲ್ಲುವುದಿಲ್ಲ.

ಎಂಜಿನಿಯರನ ನೆಲಮಾಳಿಗೆ

ಮೊದಲ ಉದಾಹರಣೆ 'ಬಾಸ್ಟನ್'. 1976ರ ಆಗಸ್ಟ್‌ನಲ್ಲಿ ಎಪಿಕ್ ಕಂಪನಿ ಬಿಡುಗಡೆ ಮಾಡಿದ, ಅದೇ ಹೆಸರಿನ ತಂಡದ ಚೊಚ್ಚಲ ಆಲ್ಬಮ್ ಇದು. ಇದರ ರೂವಾರಿ ಟಾಮ್ ಶೋಲ್ಜ್, ಪ್ರಸಿದ್ಧ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೊಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಹಗಲು ಉದ್ಯೋಗ, ಉಳಿದ ವೇಳೆಯಲ್ಲಿ ಮನೆಯ ನೆಲಮಾಳಿಗೆಯಲ್ಲಿ ಸಂಬಳದ ಹಣದಿಂದ ತಾವೇ ಕಟ್ಟಿಕೊಂಡ ಸ್ಟುಡಿಯೊದಲ್ಲಿ ಧ್ವನಿಮುದ್ರಣ. ಗಿಟಾರ್, ಬೇಸ್, ಆರ್ಗನ್ ಎಲ್ಲವನ್ನೂ ಬಹುಪಾಲು ಅವರೊಬ್ಬರೇ ನುಡಿಸಿ, ಒಂದರ ಮೇಲೊಂದು ಪದರವಾಗಿ ಕೂಡಿಸುತ್ತಿದ್ದರು. ಅವರ ಮಾದರಿ ಧ್ವನಿಸುರುಳಿಗಳನ್ನು ಹಲವು ಕಂಪನಿಗಳು ತಿರಸ್ಕರಿಸಿದ್ದವು.

ಕೊನೆಗೆ ಒಪ್ಪಂದವಾದಾಗ ಕಂಪನಿ ವಿಧಿಸಿದ ಷರತ್ತು, ಎಲ್ಲವನ್ನೂ ವೃತ್ತಿಪರ ಸ್ಟುಡಿಯೊದಲ್ಲಿ ಹೊಸದಾಗಿ ಮುದ್ರಿಸಬೇಕೆಂಬುದು. ನಿರ್ಮಾಪಕ ಜಾನ್ ಬಾಯ್ಲನ್ ಇದಕ್ಕೊಂದು ಉಪಾಯ ಹೂಡಿದರು. ತಂಡದ ಉಳಿದವರನ್ನು ಲಾಸ್ ಏಂಜಲೀಸ್‌ಗೆ ಕರೆದೊಯ್ದು ಅಲ್ಲಿ ಒಂದು ಹಾಡನ್ನು ಮುದ್ರಿಸಿದರು. ಕಂಪನಿಯ ಗಮನ ಅತ್ತ ಇರುವಾಗ ಇತ್ತ ಶೋಲ್ಜ್ ಮಸಾಚುಸೆಟ್ಸ್‌ನ ತಮ್ಮ ನೆಲಮಾಳಿಗೆಯಲ್ಲೇ ಕುಳಿತು ಆಲ್ಬಮ್‌ನ ಬಹುಭಾಗವನ್ನು ಪೂರೈಸಿದರು. ಹೀಗೆ ಕಂಪನಿಯ ಕಣ್ಣುತಪ್ಪಿಸಿ ಮಾಡಿದ ಕೆಲಸವನ್ನೇ ಮುಂದೆ 'ಕಾರ್ಪೊರೇಟ್' ಎಂದು ಜರೆಯಲಾಯಿತು ಎಂಬುದು ವಿಪರ್ಯಾಸ.

ಆಲ್ಬಮ್‌ನ ಮೊದಲ ಹಾಡು 'ಮೋರ್ ದ್ಯಾನ್ ಎ ಫೀಲಿಂಗ್'. ದೂರದಿಂದ ಹತ್ತಿರ ಬರುವಂತೆ ಮೆಲ್ಲನೆ ಏರುವ ಅಕೌಸ್ಟಿಕ್ ಗಿಟಾರ್, ಅನಂತರ ಬ್ರ್ಯಾಡ್ ಡೆಲ್ಪ್‌ರ ಶುಭ್ರ ಕಂಠ. ಹಳೆಯ ಹಾಡೊಂದು ಕಿವಿಗೆ ಬಿದ್ದೊಡನೆ ಕಳೆದುಹೋದ ಹುಡುಗಿಯ ನೆನಪು ಮರಳುವುದೇ ಅದರ ವಸ್ತು. ಹಾಡು ತಾನೇ ಹಳೆಯದಾದ ಮೇಲೆ ಈ ವಸ್ತುವಿಗೆ ಇನ್ನಷ್ಟು ಅರ್ಥ ಬಂದಿದೆ. ಇದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಆಲ್ಬಮ್ 3ನೇ ಸ್ಥಾನ ತಲುಪಿತು. 2003ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘ ಇದಕ್ಕೆ 17 ಪಟ್ಟು ಪ್ಲಾಟಿನಂ, ಅಂದರೆ 1.7 ಕೋಟಿ ಪ್ರತಿಗಳ ಮಾನ್ಯತೆ ನೀಡಿತು.

ಇಲ್ಲಿನ ಗಿಟಾರುಗಳು ಕೋರಸ್‌ನಂತೆ ಎರಡು ಸ್ವರಗಳಲ್ಲಿ ಜೊತೆಯಾಗಿ ಹಾಡುತ್ತವೆ. ಸ್ವರ ಒಂದಿನಿತೂ ಜಾರುವುದಿಲ್ಲ, ಆದರೆ ಡ್ರಮ್ಸ್‌ನ ಲಯದಲ್ಲಿ ಮನುಷ್ಯನ ಕೈಯ ಸಡಿಲಿಕೆ ಕೇಳಿಸುತ್ತದೆ. ಈ ಬೆರಕೆಯನ್ನು ಆಮೇಲೆ ಬಂದ ಕಂಪ್ಯೂಟರ್ ಯುಗದ ಅನುಕರಣೆಗಳು ಹಿಡಿಯಲಾಗಲಿಲ್ಲ.

ಕೊನೆಗೆ ಬರುವ ಪಲ್ಲವಿ

ಜರ್ನಿ ತಂಡದ 'ಎಸ್ಕೇಪ್' ಹೊರಬಂದದ್ದು 1981ರ ಜುಲೈನಲ್ಲಿ. ಹಿಂದಿನ ವರ್ಷವಷ್ಟೇ ದಿ ಬೇಬೀಸ್ ತಂಡ ಬಿಟ್ಟು ಬಂದಿದ್ದ ಕೀಬೋರ್ಡ್ ವಾದಕ ಜೊನಾಥನ್ ಕೇನ್ ಇಲ್ಲಿ ಗಾಯಕ ಸ್ಟೀವ್ ಪೆರಿ, ಗಿಟಾರ್ ವಾದಕ ನೀಲ್ ಶಾನ್ ಅವರೊಂದಿಗೆ ಕೂಡಿ ಹಾಡು ಕಟ್ಟಿದರು. ಸ್ಯಾಮ್ ಕುಕ್‌ನ ಸೋಲ್ ಗಾಯನವನ್ನು ಆರಾಧಿಸುತ್ತಿದ್ದ ಪೆರಿಯ ದನಿಯಲ್ಲಿ ರಾಕ್ ಗಾಯಕರಲ್ಲಿ ಅಪರೂಪವಾದ ಆರ್ದ್ರತೆಯಿತ್ತು. ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

'ಡೋಂಟ್ ಸ್ಟಾಪ್ ಬಿಲೀವಿಂಗ್' ಇದರ ಆರಂಭಗೀತೆ. ಲಾಸ್ ಏಂಜಲೀಸ್‌ನಲ್ಲಿ ಅವಕಾಶ ಸಿಗದೆ ಎದೆಗುಂದಿದ್ದ ದಿನಗಳಲ್ಲಿ ತಂದೆ ಫೋನಿನಲ್ಲಿ ಹೇಳಿದ ಸಮಾಧಾನದ ಮಾತನ್ನು ಕೇನ್ ಬರೆದಿಟ್ಟುಕೊಂಡಿದ್ದರು, ಅದೇ ಶೀರ್ಷಿಕೆಯಾಯಿತು. ಇದರ ಕಟ್ಟಡ ವಿಚಿತ್ರವಾದುದು. ಕನ್ನಡದ ಭಾವಗೀತೆಯಲ್ಲಿ ಪಲ್ಲವಿಯೇ ಮೊದಲು, ಚರಣ ಆಮೇಲೆ. ಪಾಶ್ಚಾತ್ಯ ಜನಪ್ರಿಯ ಗೀತೆಯಲ್ಲಿ ಚರಣ ಮುಂದಾದರೂ ಪಲ್ಲವಿ ಒಂದು ನಿಮಿಷದೊಳಗೆ ಬರುವುದು ವಾಡಿಕೆ. ಇಲ್ಲಿ 4 ನಿಮಿಷ ಚಿಲ್ಲರೆಯ ಹಾಡಿನಲ್ಲಿ ಮೂರು ನಿಮಿಷ ಕಳೆದ ಮೇಲಷ್ಟೇ ಪಲ್ಲವಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಪಿಯಾನೊದ ಒಂದೇ ನಡೆ, ಮತ್ತೆ ಮತ್ತೆ ಮುಂದೂಡುವ ನಿರೀಕ್ಷೆ. ಬಯಸಿದ್ದು ಕೈಗೂಡುವವರೆಗೆ ಕಾಯುವವರ ಕುರಿತ ಹಾಡು ಕೇಳುಗನನ್ನೂ ಕಾಯಿಸುತ್ತದೆ.

ಬಿಡುಗಡೆಯಾದಾಗ ಇದು ಏರಿದ್ದು 9ನೇ ಸ್ಥಾನಕ್ಕೆ ಮಾತ್ರ. 2007ರ ಜೂನ್‌ನಲ್ಲಿ 'ದಿ ಸೊಪ್ರಾನೋಸ್' ದೂರದರ್ಶನ ಧಾರಾವಾಹಿಯ ಅಂತಿಮ ದೃಶ್ಯದಲ್ಲಿ ಬಳಕೆಯಾದ ಬಳಿಕ, 2009ರಲ್ಲಿ 'ಗ್ಲೀ' ಧಾರಾವಾಹಿಯ ಎಳೆಯರು ಹಾಡಿದ ಬಳಿಕ ಇದಕ್ಕೆ ಎರಡನೇ ಜನ್ಮ ದೊರೆಯಿತು. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಇದನ್ನು ಸೇರಿಸಿತು. ಪೆರಿ ತಂಡ ತೊರೆದ ಎಷ್ಟೋ ವರ್ಷಗಳ ನಂತರ, 2007ರಲ್ಲಿ, ಫಿಲಿಪೀನ್ಸ್‌ನ ಅರ್ನೆಲ್ ಪಿನೇಡಾ ಅವರ ಗಾಯನವನ್ನು ಯೂಟ್ಯೂಬ್‌ನಲ್ಲಿ ಕಂಡ ಶಾನ್ ಅವರನ್ನೇ ಕರೆಸಿ ಗಾಯಕನನ್ನಾಗಿ ಮಾಡಿಕೊಂಡರು. ಸಾಗರದಾಚೆಯ ಹುಡುಗನೊಬ್ಬ ಕೇಳಿ ಕಲಿತು ಅದೇ ಸ್ಥಾಯಿಯಲ್ಲಿ ಹಾಡಬಲ್ಲನೆಂದರೆ, ಆ ರಾಗಗಳ ಸತ್ವಕ್ಕೆ ಬೇರೆ ಪುರಾವೆ ಬೇಕಿಲ್ಲ.

ಒಂದು ಕೈ, ಮೂರು ವರ್ಷ

ಇಂಗ್ಲೆಂಡಿನ ಶೆಫೀಲ್ಡ್‌ನ ಡೆಫ್ ಲೆಪರ್ಡ್ ತಂಡದ 'ಹಿಸ್ಟೀರಿಯಾ' (1987) ಮೂರರಲ್ಲಿ ಅತ್ಯಂತ ನಯಗೊಳಿಸಿದ್ದು. ಅತ್ಯಂತ ಕಷ್ಟದಿಂದ ಹುಟ್ಟಿದ್ದೂ ಇದೇ. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಡ್ರಮ್ಸ್ ವಾದಕ ರಿಕ್ ಆಲನ್ ಎಡಗೈಯನ್ನೇ ಕಳೆದುಕೊಂಡರು. ಆಗ ಅವರಿಗೆ 21 ವರ್ಷ. ತಂಡ ಅವರ ಜಾಗಕ್ಕೆ ಬೇರೊಬ್ಬರನ್ನು ತರಲಿಲ್ಲ. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿನ ಪೆಡಲುಗಳಿಂದ ಮಾಡಬಲ್ಲ ಎಲೆಕ್ಟ್ರಾನಿಕ್ ಡ್ರಮ್ಸ್ ಸಿದ್ಧವಾಯಿತು. ಆಲನ್ ಹೊಸದಾಗಿ ನುಡಿಸಲು ಕಲಿತರು. 1986ರ ಆಗಸ್ಟ್‌ನಲ್ಲಿ ಡಾನಿಂಗ್‌ಟನ್ ಸಂಗೀತೋತ್ಸವದಲ್ಲಿ ಅವರು ಮತ್ತೆ ವೇದಿಕೆಗೆ ಬಂದರು.

ನಿರ್ಮಾಪಕ ರಾಬರ್ಟ್ ಜಾನ್ 'ಮಟ್' ಲ್ಯಾಂಗ್ ಅವರ ಹಟ ಇನ್ನೊಂದು ಬಗೆಯದು. ಗಿಟಾರಿನ ಸ್ವರಮೇಳಗಳನ್ನು ಒಟ್ಟಿಗೆ ಮೀಟಿಸದೆ ಒಂದೊಂದೇ ಸ್ವರವಾಗಿ ಬಿಡಿಸಿ ಮುದ್ರಿಸಿದ ಉದಾಹರಣೆಗಳಿವೆ. ಇಲ್ಲಿನ ಹೊಳಪಿನ ಗಿಟಾರ್ ನಾದಕ್ಕೆ ಬಳಸಿದ ಪುಟ್ಟ ಉಪಕರಣ ರಾಕ್‌ಮ್ಯಾನ್. ಅದನ್ನು ರೂಪಿಸಿದವರು ಬೇರಾರೂ ಅಲ್ಲ, ಬಾಸ್ಟನ್‌ನ ಟಾಮ್ ಶೋಲ್ಜ್. ಮೂರು ವರ್ಷ ಮೀರಿದ ದುಡಿಮೆ ಮುಗಿಯುತ್ತ ಬಂದಾಗ ಬಿಡುವಿನಲ್ಲಿ ಗಾಯಕ ಜೋ ಎಲಿಯಟ್ ಸುಮ್ಮನೆ ಗುನುಗುತ್ತಿದ್ದ ಎಳೆಯೊಂದು ಲ್ಯಾಂಗ್ ಕಿವಿಗೆ ಬಿತ್ತು. 'ಪೋರ್ ಸಮ್ ಶುಗರ್ ಆನ್ ಮಿ' ಹುಟ್ಟಿದ್ದು ಹಾಗೆ. ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದು ಬಿಡುಗಡೆಯಾಗಿ ಸುಮಾರು ಒಂದು ವರ್ಷದ ನಂತರ, 1988ರಲ್ಲಿ, ಮುಖ್ಯವಾಗಿ ಈ ಹಾಡಿನ ಬಲದಿಂದ.

ಮಾಸಿದ್ದೂ ಉಂಟು

ಇವುಗಳಲ್ಲಿ ಎಲ್ಲವೂ ಅಚ್ಚಳಿಯದೆ ಉಳಿದಿದೆ ಎನ್ನಲಾಗದು. 'ಹಿಸ್ಟೀರಿಯಾ'ದ ಡ್ರಮ್ಸ್ ಸದ್ದು ಎಂಬತ್ತರ ದಶಕದ ಮುದ್ರೆ ಹೊತ್ತಿದೆ. ಒಂದು ಗಂಟೆ ಮೀರಿದ ಆಲ್ಬಮ್‌ನ ಕೊನೆಯ ಹಾಡುಗಳಲ್ಲಿ ಕಸುವು ಇಳಿಯುತ್ತದೆ. 'ಎಸ್ಕೇಪ್'ನ ವೇಗದ ಹಾಡುಗಳು ಅದರ ಮಂದಗತಿಯ ಹಾಡುಗಳ ಮುಂದೆ ಸಪ್ಪೆ. 'ಬಾಸ್ಟನ್'ನ ಪ್ರೇಮಗೀತೆಗಳ ಸಾಹಿತ್ಯದಲ್ಲಿ ಕಾವ್ಯ ಹುಡುಕಬೇಕಿಲ್ಲ. ಇದೇ ಸಾಲಿನಲ್ಲಿ ಲ್ಯಾಂಗ್ ಅವರೇ ನಿರ್ಮಿಸಿದ ಫಾರಿನರ್ ತಂಡದ '4' (1981) ಹಾಗೂ ಗ್ರ್ಯಾಮಿ ಪುರಸ್ಕೃತ 'ಟೋಟೊ 4' (1982) ಹೆಸರಿಸಬೇಕಾದವು. ಎರಡನೆಯದರ 'ರೊಸಾನಾ' ಹಾಡಿನಲ್ಲಿ ಜೆಫ್ ಪೊರ್ಕಾರೊ ನುಡಿಸಿರುವ ಲಯವನ್ನು ಡ್ರಮ್ಸ್ ಕಲಿಯುವವರು ಇಂದಿಗೂ ಪಾಠದಂತೆ ಅಭ್ಯಾಸ ಮಾಡುತ್ತಾರೆ.

ಹೊಸದಾಗಿ ಕೇಳುವವರು 'ಬಾಸ್ಟನ್'ನಿಂದ ಆರಂಭಿಸುವುದು ಒಳಿತು. ಇರುವುದು ಎಂಟೇ ಹಾಡು, ಎಲ್ಲ ಸೇರಿ 40 ನಿಮಿಷವೂ ಹಿಡಿಯದು. ಡೆಲ್ಪ್ 2007ರಲ್ಲಿ ತೀರಿಕೊಂಡರು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಗುಂಪಿನ ಗಾಯನದಂತೆ ತೋರುವ ಬಹುತೇಕ ದನಿಗಳು ಅವರೊಬ್ಬರದೇ ಎಂಬುದು ತಿಳಿಯುತ್ತದೆ.