ಕೆಂಡದ ಮೇಲಿನ ಮಾಂಸ, ಊರಾಚೆಯ ಕಟುಕ

ಸೋಲ್ ನಗರದ ಜೊಂಗ್ನೊ ಓಣಿಗಳಲ್ಲಿ ಒಬ್ಬರೇ ಹೋಗಿ ಬಾರ್ಬೆಕ್ಯೂ ತಿನ್ನುವುದು ಸುಲಭವಲ್ಲ. ಬಹಳ ಕಡೆ ಕನಿಷ್ಠ ಇಬ್ಬರ ಪಾಲು ತರಿಸಲೇಬೇಕು. ಮಗಳು ಆಫೀಸಿಗೆ ಹೋಗಿದ್ದ ದಿನ ನಾನು ಇಬ್ಬರ ಪಾಲಿಗೆ ದುಡ್ಡು ಕೊಟ್ಟೆ, ಇಬ್ಬರ ಪಾಲನ್ನೂ ತಿಂದೆ. ಮೇಜಿನ ನಡುವೆ ಕೆಂಡ, ನೆತ್ತಿಯ ಮೇಲೆ ಇಳಿಬಿದ್ದ ಹೊಗೆ ಕೊಳವೆ. ಬಡಿಸುವಾಕೆ ನನ್ನ ಕೈಯಿಂದ ಚಿಮಟ ಕಿತ್ತುಕೊಂಡು ಹಂದಿಮಾಂಸದ ಪಟ್ಟಿಗಳನ್ನು ತಾವೇ ಮಗುಚಿದರು, ದೊಡ್ಡ ಕತ್ತರಿಯಿಂದ ಕಚಕಚನೆ ತುಂಡರಿಸಿದರು. ಎಲೆಯಲ್ಲಿ ಮಾಂಸ, ಸುಟ್ಟ ಬೆಳ್ಳುಳ್ಳಿ, ಹುದುಗಿಸಿದ ಸೋಯಾ ಗೊಜ್ಜು ಇಟ್ಟು ಮಡಿಸಿ ಇಡೀ ಪೊಟ್ಟಣವನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಬೇಕು ಎಂದು ಸನ್ನೆಯಲ್ಲೇ ಕಲಿಸಿದರು.

ಈ ಊಟದ ಬಗ್ಗೆ ಪ್ರವಾಸಿಗಳಿಗೆ ಹೇಳುವ ಕಥೆ ಹೆಚ್ಚಾಗಿ ಅರಮನೆಯದು. ಕೊರಿಯಾವನ್ನು ಆಳಿದ ಜೊಸನ್ ದೊರೆಗಳ ಕಾಲದ ನೊಬಿಯಾನಿ, ಅಂದರೆ ತೆಳ್ಳಗೆ ಕೊಯ್ದು ಸೋಯಾ ರಸದಲ್ಲಿ ನೆನೆಸಿ ಸುಟ್ಟ ಗೋಮಾಂಸವೇ ಇಂದಿನ ಬುಲ್ಗೋಗಿ ಎಂಬ ಬಾರ್ಬೆಕ್ಯೂವಿನ ಮೂಲ ಎನ್ನುತ್ತಾರೆ. ನಮ್ಮ ಮೈಸೂರು ಪಾಕಿಗೆ ಅರಮನೆ ಅಂಟಿಕೊಂಡ ಹಾಗೆ. ಸುಳ್ಳೇನಲ್ಲ. ಆದರೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಿಯಾದ ನನಗೆ, ದೊರೆ ತಿಂದ ಎಂದೊಡನೆ ಕೊಯ್ದವರು ಯಾರು ಎಂದು ಕೇಳುವ ಚಾಳಿ.

ಉಳುವ ಎತ್ತು ಉಳಿಯಲೆಂದು ಜೊಸನ್ ಆಡಳಿತ ದನ ಕಡಿಯುವುದನ್ನು ಮತ್ತೆ ಮತ್ತೆ ನಿಷೇಧಿಸಿತು. ಮತ್ತೆ ಮತ್ತೆ ನಿಷೇಧಿಸಬೇಕಾಯಿತೆಂದರೆ ಪಾಲನೆ ಎಷ್ಟಿತ್ತೆಂದು ಊಹಿಸಬಹುದು. ರಾಜಧಾನಿಯಲ್ಲಿ ಪರವಾನಗಿ ಪಡೆದ ಗೋಮಾಂಸದ ಅಂಗಡಿಗಳೇ ಇದ್ದವು. ಅವನ್ನು ನಡೆಸುತ್ತಿದ್ದವರು ಕನ್ಫ್ಯೂಶಿಯಸ್ ಪಂಡಿತರ ವಿದ್ಯಾಪೀಠಕ್ಕೆ ಸೇರಿದ ಜೀತದಾಳುಗಳು! 1849ರಲ್ಲಿ ಹೊಂಗ್ ಸೊಕ್‌ಮೊ ಬರೆದ ಹಬ್ಬಹರಿದಿನಗಳ ಪುಸ್ತಕದಲ್ಲಿ ಚಾಂದ್ರಮಾನದ 10ನೇ ತಿಂಗಳ ಪದ್ಧತಿಯೊಂದಿದೆ. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಉರಿಸಿ, ಮೇಲೆ ಬಾಣಲೆ ಇಟ್ಟು, ಎಣ್ಣೆ, ಸೋಯಾ, ಮೊಟ್ಟೆ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿದ ಗೋಮಾಂಸವನ್ನು ಸುತ್ತ ಕೂತು ಬೇಯಿಸಿಕೊಂಡು ತಿನ್ನುತ್ತಿದ್ದರು. ಇಂದಿನ ಮೇಜಿನೊಲೆಗೆ ನಿಜವಾದ ಪೂರ್ವಜ ಇದೇ ಎಂದು ನನ್ನ ಎಣಿಕೆ. ಅದೇ ಶತಮಾನದ ಕಲಾವಿದ ಸೊಂಗ್ ಹ್ಯೊಪ್ ಇಂಥದೊಂದು ಕೂಟವನ್ನು ಚಿತ್ರಿಸಿದ್ದಾನೆ; ಸೋಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮರದಡಿ ಬಾಣಲೆ, ಸುತ್ತ ದೊಡ್ಡಮನುಷ್ಯರು. ಕಟುಕ ಚಿತ್ರದಲ್ಲಿಲ್ಲ.

ಇರುವುದಾದರೂ ಹೇಗೆ? ನಾಡಿನ ತುಂಬ ಆ ಕಸುಬು ಮಾಡುತ್ತಿದ್ದವರು ಬೆಕ್‌ಜಾಂಗರು. ಅವರ ವಾಸ ಊರಿನಿಂದ ಬೇರೆ. ಮನೆಗೆ ಹೆಂಚು ಕೂಡದು, ಮೈಗೆ ರೇಷ್ಮೆ ಕೂಡದು. ಕುದುರೆಕೂದಲಿನ ಕಪ್ಪು ಟೋಪಿ ಅವರ ತಲೆಗೆ ಸಲ್ಲದು, ಬಿದಿರುಸೀಳಿನದೇ ಆಗಬೇಕು. ಪರರ ಮನೆಯ ಚಿಕ್ಕ ಮಕ್ಕಳನ್ನೂ ಬಹುವಚನದಲ್ಲಿ ಮಾತಾಡಿಸಬೇಕು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾರ್ಕ್ ಸೊಂಗ್‌ಚುನ್ ಸೋಲ್‌ನ ಒಬ್ಬ ಕಟುಕ. 1890ರ ದಶಕದಲ್ಲಿ ಅವನು ವಿಷಮಶೀತ ಜ್ವರದಲ್ಲಿ ಮಲಗಿದ್ದಾಗ ಕೆನಡಾದ ವೈದ್ಯ ಆಲಿವರ್ ಏವಿಸನ್ ಮನೆಗೇ ಬಂದು ಉಪಚರಿಸಿದರು. ದೊರೆಯ ನಾಡಿ ಹಿಡಿಯುವ ವೈದ್ಯ ಕಟುಕನ ನಾಡಿಯನ್ನೂ ಹಿಡಿದರು! ಪಾರ್ಕ್ ಪಾದ್ರಿ ಸ್ಯಾಮ್ಯುಯೆಲ್ ಮೂರ್ ಅವರ ಚರ್ಚು ಸೇರಿದ. ಅಲ್ಲಿನ ಕುಲೀನರು ತಮಗೆ ಬೇರೆ ಸಾಲು ಬೇಕೆಂದು ಹಟ ಹಿಡಿದರು. ಮೂರ್ ಒಪ್ಪದಾಗ ಎದ್ದು ಹೋಗಿ ಬೇರೆ ಚರ್ಚು ಕಟ್ಟಿಕೊಂಡರು. 1894ರ ಸರ್ಕಾರಿ ಸುಧಾರಣೆ ಕಾಗದದ ಮೇಲೆ ಈ ಹುಟ್ಟಿನ ಭೇದವನ್ನು ಅಳಿಸಿತು. ಮರುವರ್ಷ ಬೆಕ್‌ಜಾಂಗರು ಮನವಿಗಳ ಮೇಲೆ ಮನವಿ ಕೊಟ್ಟು ಕಪ್ಪು ಟೋಪಿಯ ಹಕ್ಕನ್ನು ಪಡೆದದ್ದಾಯಿತು. ಸಂತೋಷಕ್ಕೆ ಕೆಲವರು ಮಲಗುವಾಗಲೂ ಅದನ್ನು ತೆಗೆಯಲಿಲ್ಲವಂತೆ. 1898ರಲ್ಲಿ ಜೊಂಗ್ನೊ ಬೀದಿಯ ದೊಡ್ಡ ಜನಸಭೆಯಲ್ಲಿ, ಮಂತ್ರಿಗಳೆದುರು ನಿಂತು ಮಾತನಾಡಿದವನು ಇದೇ ಪಾರ್ಕ್. ಮಗ ಪಾರ್ಕ್ ಸೊಯಾಂಗ್ 1908ರಲ್ಲಿ ಸೆವೆರೆನ್ಸ್ ವೈದ್ಯಶಾಲೆಯ ಮೊದಲ 7 ಪದವೀಧರರಲ್ಲಿ ಒಬ್ಬನಾದ.

ಕಥೆ ಇಷ್ಟು ಸುಖವಾಗಿ ಮುಗಿಯಲಿಲ್ಲ. 1923ರಲ್ಲಿ, ನಮ್ಮ ಮಹಾಡ್ ಕೆರೆ ಸತ್ಯಾಗ್ರಹಕ್ಕೆ 4 ವರ್ಷ ಮೊದಲು, ದಕ್ಷಿಣದ ಜಿಂಜು ಪಟ್ಟಣದಲ್ಲಿ ಬೆಕ್‌ಜಾಂಗರು ಸಮಾನತೆಗಾಗಿ ಹ್ಯೊಂಗ್‌ಪ್ಯೊಂಗ್‌ಸಾ ಎಂಬ ಸಂಘ ಕಟ್ಟಿದರು. ಊರಿನ ಒಂದಿಷ್ಟು ಜನ ಸಿಟ್ಟಿಗೆದ್ದು ಗೋಮಾಂಸ ಕೊಳ್ಳುವುದನ್ನೇ ಬಹಿಷ್ಕರಿಸಿದರು. ನಾಲಿಗೆಗೆ ರುಚಿ ಬೇಕು, ಆದರೆ ಕೊಯ್ದವನು ತಲೆಯೆತ್ತಬಾರದು.

ಮುಂದಿನದು ಬೇಗ ಹೇಳಬಹುದು. ಕೊರಿಯಾ ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ದೊಡ್ಡ ದನದ ಸಂತೆಯಿದ್ದ ಸುವೊನ್ ಪಟ್ಟಣದ ಪಕ್ಕೆಲುಬಿನ ಮಾಂಸ ಹೆಸರಾಯಿತು. 1980ರ ದಶಕದಲ್ಲಿ ಕೈಯಲ್ಲಿ ಎತ್ತಿಕೊಂಡು ಹೋಗುವ ಗ್ಯಾಸ್ ಒಲೆ ಬಂದು ಹಂದಿಯ ಹೊಟ್ಟೆಮಾಂಸ ಮನೆಮನೆಗೂ ಹೊಕ್ಕಿತು. ಈಗ ಅಮೆರಿಕದಲ್ಲೂ ಶಾಖೆಗಳಿರುವ ಬಾರ್ಬೆಕ್ಯೂ ಸರಣಿಯೊಂದು ಬೆಕ್‌ಜಾಂಗ್ ಎಂಬುದನ್ನೇ ತನ್ನ ಹೆಸರಾಗಿಸಿಕೊಂಡಿದೆ. ಇದು ಗೆಲುವೋ ಮರೆವೋ? ಮರೆವೇ ಎನ್ನುತ್ತೇನೆ.

ಪಾರ್ಕ್ ಸೇರಿದ, ಮೂರ್ ಅವರ ಆ ಚರ್ಚೇ ಇಂದಿನ ಸುಂಗ್‌ದೊಂಗ್ ಚರ್ಚು. ಇನ್ಸಾದೊಂಗ್‌ನ ಅಂಗಡಿ ಬೀದಿಯ ಪಕ್ಕದಲ್ಲೇ ಅದರ ಕೆಂಪಿಟ್ಟಿಗೆಯ ಕಟ್ಟಡ ನಿಂತಿದೆ. ಬೀಸಣಿಗೆ, ಚಹಾ ಬಟ್ಟಲು ಕೊಳ್ಳಲು ಆ ಬೀದಿಗೆ ಹೋದವರು ಒಳಗೂ ಹೋಗಿ ನೋಡಿ ಬನ್ನಿ, ಸಾಧ್ಯವಾದರೆ ಊಟಕ್ಕೆ ಮುಂಚೆಯೇ.