ಹಿಟ್ಟಿನ ಹುಂಜದ ಕೂಗು: ಯಶೋಧರಚರಿತೆಯ ಭಯಾನಕತೆಯನ್ನು ಕುರಿತು ಒಂದು ವಿಚಾರ

ರಾತ್ರಿ, ಜಾರತನ, ವಿಷ, ತಪ್ಪಿಸಿಕೊಳ್ಳಲಾಗದ ವಿಧಿ ಇವುಗಳಿಂದ ಹೆಣೆದ ಕಿರಿದಾದ ಭಯಾನಕ ಕಥೆಯು ಆಧುನಿಕ ಯುಗದ ಸೃಷ್ಟಿಯೆಂದು ಭಾವಿಸುವುದು ವಾಡಿಕೆ. 1946ರಲ್ಲಿ ಫ್ರೆಂಚ್ ವಿಮರ್ಶಕನಾದ ನಿನೋ ಫ್ರಾಂಕನು ಕೆಲವು ಅಮೆರಿಕನ್ ಚಲಚ್ಚಿತ್ರಗಳನ್ನು ಕಪ್ಪು ಎಂಬರ್ಥದ ‘ನ್ವಾರ್’ ಪದದಿಂದ ಗುರುತಿಸಿದನು. ಆದರೆ ಆ ಲಕ್ಷಣಗಳೆಲ್ಲವೂ ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಆಗಲೇ ನೆಲೆಗೊಂಡಿದ್ದವು. ಈ ಕಾವ್ಯದ ಆಕರ್ಷಣೆ ಎಲ್ಲಿದೆ, ಅದರಿಂದ ಇತಿಹಾಸದ ಅಭ್ಯಾಸಿಯು ಏನನ್ನು ಗ್ರಹಿಸಬಹುದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜನ್ನನು ಹೊಯ್ಸಳ ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು. ಈ ಬಲ್ಲಾಳನು ಧಾರವಾಡದ ನೆಲಕ್ಕೆ ಅಪರಿಚಿತನಲ್ಲ. 1192ರ ಗದಗದ ಶಾಸನವು ಅವನು ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟಿದ್ದುದನ್ನು ತಿಳಿಸುತ್ತದೆ. ಈಗಿನ ಲಕ್ಕುಂಡಿಯಾದ ಈ ಊರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇದ್ದಿತು. ಕಥೆಯೂ ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಯು ಇದನ್ನು ಸಂಸ್ಕೃತ ಚಂಪುವಾಗಿ ರಚಿಸಿದನು. ಅದೇ ಶತಮಾನದಲ್ಲಿ ಪುಷ್ಪದಂತನು ಮಾನ್ಯಖೇಟದಲ್ಲಿ ಅಪಭ್ರಂಶ ಭಾಷೆಯಲ್ಲಿ ಹೇಳಿದನು. ಮುಂದಿನ ಶತಮಾನದಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ವಾದಿರಾಜನು ಸಂಸ್ಕೃತದಲ್ಲಿ ಸಂಕ್ಷೇಪಿಸಿದನು. ಜನ್ನನು ಅದನ್ನು ನಾಲ್ಕು ಅವತಾರಗಳಲ್ಲಿ, ಮುನ್ನೂರಕ್ಕೆ ತುಸು ಮೇಲ್ಪಟ್ಟ ಪದ್ಯಗಳಲ್ಲಿ ಅಡಕಮಾಡಿದನು. ಅವುಗಳಲ್ಲಿ ಬಹುಪಾಲು ಕಂದಗಳು. ಈ ಮಿತಿಯೇ ಕಥೆಗೆ ಬಿಗಿಯನ್ನು ಕೊಟ್ಟಿದೆ.

ಮಾರಿದತ್ತ ರಾಜನು ಚಂಡಮಾರಿಗೆ ಬಲಿಕೊಡಲೆಂದು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿತರಿಸುತ್ತಾನೆ. ಕತ್ತಿಯ ಮುಂದೆ ನಿಂತ ಅಭಯರುಚಿಯು ಅಳುಕದೆ ತನ್ನ ಪೂರ್ವಜನ್ಮದ ಕಥೆಯನ್ನು ಹೇಳತೊಡಗುತ್ತಾನೆ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಇರುಳಿನಲ್ಲಿ ಕೇಳಿಬಂದ ಹಾಡಿಗೆ ಮನಸೋತು, ಕುರೂಪಿಯಾದ ಮಾವಟಿಗನ ವಶವಾಗುತ್ತಾಳೆ. ಹಿಂಬಾಲಿಸಿದ ಅರಸನು ಕತ್ತಿಯೆತ್ತಿದರೂ ಕೈತಡೆದು ಹಿಂದಿರುಗುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕಂಡದ್ದನ್ನು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ನೆವಹೇಳುತ್ತಾನೆ. ಅವಳು ಪ್ರಾಣಿಬಲಿಯನ್ನು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜವನ್ನು ಬಲಿಕೊಡುವುದೆಂದು ರಾಜಿಯಾಗುತ್ತದೆ. ಕತ್ತಿ ತಾಗಿದೊಡನೆ ಆ ಹುಂಜವು ಕೂಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಕಾವ್ಯದ ಭಯವೆಲ್ಲವೂ ಈ ಕೂಗಿನಲ್ಲಿ ಸಂಗ್ರಹವಾಗಿದೆ. ತರಗತಿಯಲ್ಲಿ ಕಥೆ ಹೇಳುವಾಗ ನಾವು ಕಂಡಂತೆ, ನರಬಲಿಯ ಸಿದ್ಧತೆಯನ್ನು ಕುತೂಹಲದಿಂದ ಕೇಳಿದ ವಿದ್ಯಾರ್ಥಿಗಳು ಇಲ್ಲಿಗೆ ಬಂದಾಗ ಸ್ತಬ್ಧರಾಗುತ್ತಾರೆ. ಕ್ರೂರಿಯಾದ ಮಾರಿದತ್ತನು ನಮ್ಮಿಂದ ದೂರದವನು. ಯಶೋಧರನಾದರೋ ಹಿಂಸೆಯನ್ನು ಒಲ್ಲದವನು. ತಾಯಿಯ ಮನವನ್ನೂ ನೋಯಿಸಲಾರದವನು. ಅಂಥವನು ಮಾಡಿಕೊಂಡ ಸಣ್ಣ ರಾಜಿಯೇ ಅವನನ್ನು ಕೆಡಿಸುತ್ತದೆ. ತಾಯಿಮಕ್ಕಳಿಬ್ಬರೂ ಅಮೃತಮತಿಯ ವಿಷಕ್ಕೆ ಬಲಿಯಾಗಿ, ನವಿಲು ನಾಯಿಗಳಾಗಿ ಹುಟ್ಟಿ, ಜನ್ಮಜನ್ಮಗಳಲ್ಲಿ ಕೊಲೆಗೀಡಾಗುತ್ತಾರೆ. ತಮ್ಮದೇ ಶ್ರಾದ್ಧದ ಅಡುಗೆಗೂ ಒದಗುತ್ತಾರೆ. ಕೈ ಕೊಲ್ಲದಿದ್ದರೂ ಸಂಕಲ್ಪವು ಕೊಂದಿತು ಎಂಬ ಜೈನ ಸಿದ್ಧಾಂತವು ಇಲ್ಲಿ ಉಪದೇಶವಾಗಿ ಉಳಿಯದೆ ಮೈನಡುಗಿಸುವ ಘಟನೆಯಾಗಿದೆ. ಶಿಕ್ಷೆಯು ಅಪರಾಧದ ಅಳತೆಯನ್ನು ಮೀರಿತಲ್ಲವೇ ಎಂಬ ಪ್ರಶ್ನೆ ಓದುಗನನ್ನು ಬಿಡುವುದಿಲ್ಲ.

ಇಂತಹ ಕೃತಿಯನ್ನು ಹೊಯ್ಸಳ ಕಾಲದ ನರಬಲಿಗೆ ಸಾಕ್ಷ್ಯವೆಂದು ಹಿಡಿಯುವುದು ತಪ್ಪಾದೀತು. ಪರಂಪರೆಯಿಂದ ಬಂದ ಕಥೆಯನ್ನು ಜನ್ನನು ಮತ್ತೆ ಹೇಳಿದ್ದಾನೆ. ತಾನು ಕಣ್ಣಾರೆ ಕಂಡುದನ್ನು ವರದಿಮಾಡಿಲ್ಲ. ಆದರೆ ಬಲಿಗೆ ಬದಲಾಗಿ ಹಿಟ್ಟಿನ ಪ್ರತಿಮೆ ಸಲ್ಲುವುದೇ ಎಂಬ ವಿಚಾರವು ಆ ಕಾಲದ ಮನಸ್ಸನ್ನು ಕಾಡುತ್ತಿದ್ದುದಕ್ಕೆ ಇದು ನಿಶ್ಚಯವಾಗಿಯೂ ಸಾಕ್ಷಿ. ಅದೇ ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಯಜ್ಞದಲ್ಲಿ ಪಶುವಿಗೆ ಬದಲಾಗಿ ಪಿಷ್ಟಪಶುವನ್ನು ವಿಧಿಸಿದರೆಂದು ಮಾಧ್ವ ಸಂಪ್ರದಾಯ ಹೇಳುತ್ತದೆ. ಒಂದು ಪಂಥಕ್ಕೆ ಹಿಟ್ಟಿನ ಪಶುವು ಹಿಂಸೆಯಿಂದ ಬಿಡುಗಡೆಯ ದಾರಿ. ಇನ್ನೊಂದಕ್ಕೆ ಅದು ಹಿಂಸೆಯ ಮರೆವೇಷ. ಎರಡೂ ಪಕ್ಷಗಳು ಹಿಂಸೆಗೆ ಅಂಜಿದವುಗಳೇ ಎಂಬುದನ್ನು ಮರೆಯಬಾರದು. ಮತಗಳ ಇತಿಹಾಸವನ್ನು ಕೇವಲ ವಾಗ್ವಾದಗಳ ಪಟ್ಟಿಯಾಗಿ ಬೋಧಿಸುವ ನಮಗೆ, ಅವುಗಳ ಬೆನ್ನಿಗಿದ್ದ ಭೀತಿಯನ್ನು ಈ ಕಥೆ ನೆನಪಿಸುತ್ತದೆ.

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಮತ್ತೆ ಎತ್ತಿದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು. ಹದಿಹರೆಯದಲ್ಲಿ ಪರಿಚಯವಾದ ಈ ಕಥೆಯನ್ನು ಅವರು ಹಲವು ಕರಡುಗಳಲ್ಲಿ ಬರೆದು ಕೈಬಿಟ್ಟರು; 1980ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕವು ಹೊರಬಂದಿತು. ಅಲ್ಲಿ ಜನ್ಮಾಂತರಗಳ ಸರಣಿಯಿಲ್ಲ. ರಾಜ, ರಾಣಿ, ತಾಯಿ, ಮಾವುತ ಈ ನಾಲ್ವರು, ಪಾಳುಗುಡಿ ಮತ್ತು ಒಂದು ರಾತ್ರಿ ಸಾಕಾಗಿವೆ. ಕರ್ಮಸಿದ್ಧಾಂತವನ್ನು ಒಪ್ಪದ ಪ್ರೇಕ್ಷಕನೂ ಕಥೆಗೆ ಅಂಜುವನೆಂದರೆ, ಅದರ ಬಲವು ಮತತತ್ತ್ವವೊಂದರಲ್ಲಿಯೇ ಅಡಗಿಲ್ಲವೆಂದು ಊಹಿಸಬಹುದು. ಮನಸ್ಸಿನಲ್ಲಿ ಎತ್ತಿದ ಕತ್ತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಜನ್ನನು ತನ್ನ ಉತ್ತರವನ್ನು ಕೊಟ್ಟಿದ್ದಾನೆ. ಆ ಉತ್ತರವನ್ನು ಒಪ್ಪದವರು ತಮ್ಮದೊಂದನ್ನು ಹುಡುಕಿಕೊಳ್ಳಬೇಕಾಗುತ್ತದೆ. ಇತಿಹಾಸದ ತರಗತಿಯಲ್ಲಿ ಈ ಕಾವ್ಯಕ್ಕೆ ಒಂದು ಗಂಟೆಯನ್ನು ಮೀಸಲಿಡಲು ಇಷ್ಟು ಕಾರಣ ಸಾಕೆಂದು ನಾವು ನಂಬಿದ್ದೇವೆ.